ಇಂದಿನ ಧಮ್ಮ ಚಿಂತನೆ: ಗುಜರಿಯ ನೆರಳು



ನಿನ್ನೆ ಪಂಚಸ್ಕಂಧಗಳಲ್ಲಿ ಸಂಜ್ಞೆಯ ಬಗ್ಗೆ ಓದಿದೆವು. ಪಾಳಿಯಲ್ಲಿ ಸಞ್ಞಾ, ಅಂದರೆ ಕಂಡದ್ದನ್ನು 'ಇದು ಇಂಥದ್ದು' ಎಂದು ಗುರುತು ಹಚ್ಚುವ ಕೆಲಸ. ಕೆಲವರು ಉದಾಹರಣೆ ಕೇಳಿದ್ದೀರಿ. ಭಾನುವಾರ ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಮೊಮ್ಮಗಳಿಗೆ ರಜೆ. ಅಟ್ಟದ ಮೇಲಿನ ಗುಜರಿ ಚೀಲ ಇಳಿಸಿ ಇಬ್ಬರೂ ನೆರಳಿನ ಗೊಂಬೆ ಮಾಡಲು ಕೂತೆವು. ಹಿಡಿ ಮುರಿದ ಸೌಟು, ಕುಕ್ಕರಿನ ಹಳೇ ಗ್ಯಾಸ್ಕೆಟ್, ಕೊಡೆಯ ಕಡ್ಡಿ, ಬಾಚಣಿಗೆ, ಕೆಟ್ಟುಹೋದ ರಿಮೋಟು. ಥರ್ಮೋಕೋಲ್ ತುಂಡಿಗೆ ತಂತಿ ಚುಚ್ಚಿ ಒಂದೊಂದನ್ನೇ ಕಟ್ಟಬೇಕು. ಟ್ಯೂಬ್‌ಲೈಟ್ ಆರಿಸಿ ಮೊಬೈಲಿನ ಟಾರ್ಚನ್ನು ಅಲುಗದಂತೆ ಒಂದೇ ಕಡೆ ಇಡಬೇಕು. ದೀಪ ಎರಡಾದರೆ ನೆರಳೂ ಎರಡು. ದೀಪಕ್ಕೆ ಹತ್ತಿರವಿರುವುದರ ನೆರಳು ದೊಡ್ಡದಾಗಿ ಮಸುಕಾಗುತ್ತದೆ, ಗೋಡೆಗೆ ಹತ್ತಿರವಿರುವುದರದು ಚಿಕ್ಕದಾಗಿ ಸ್ಪಷ್ಟವಾಗುತ್ತದೆ. ಕೈ ಗುಜರಿಯ ಮೇಲೆ, ಕಣ್ಣು ಮಾತ್ರ ಗೋಡೆಯ ಮೇಲೆ. ಇದು ರೂಢಿಯಾಗಲು ನನಗೆ ಅರ್ಧ ಗಂಟೆ ಹಿಡಿಯಿತು, ಅವಳಿಗೆ ಐದು ನಿಮಿಷ.

ಬ್ರಿಟನ್ನಿನ ಕಲಾವಿದರಾದ ಟಿಮ್ ನೋಬಲ್ ಮತ್ತು ಸ್ಯೂ ವೆಬ್‌ಸ್ಟರ್ 1998ರಲ್ಲಿ ತಮ್ಮದೇ 6 ತಿಂಗಳ ಕಸ ಗುಡ್ಡೆ ಹಾಕಿ ಹೀಗೇ ಬೆಳಕು ಬಿಟ್ಟಿದ್ದರು. ಗೋಡೆಯ ಮೇಲೆ ಮೂಡಿದ್ದು ಬೆನ್ನಿಗೆ ಬೆನ್ನು ಕೊಟ್ಟು ಕೂತ ಅವರಿಬ್ಬರ ನೆರಳು. ನಮ್ಮದು ಅಷ್ಟು ಸೊಗಸಲ್ಲ ಬಿಡಿ. ಸೌಟಿನ ಬೆನ್ನು ಹಣೆಯಾಯಿತು, ರಿಮೋಟಿನ ಮೂಲೆ ಮೂಗು, ಬಾಚಣಿಗೆ ಹಲ್ಲು.

"ತಾತಾ, ಕೋಪ ಬಂದಿರೋ ಅಂಕಲ್ಲು!" ಅಂದಳು.

ನನಗೆ ಕಂಡದ್ದು ನನ್ನ ಅಣ್ಣ. ಮನೆ ಪಾಲಿನ ಜಗಳವಾಗಿ 11 ವರ್ಷ, ಮಾತಿಲ್ಲ ಕತೆಯಿಲ್ಲ. ಆ ಮುಖ ನೋಡಿದ ಕೂಡಲೇ ಹೊಟ್ಟೆಯೊಳಗೆ ಹಳೇ ಉರಿ ಎದ್ದಿತು. ಸೌಟಿನ ನೆರಳಿನ ಮೇಲೆ ಸಿಟ್ಟು! ಅಷ್ಟರಲ್ಲಿ ಅವಳು ಟಾರ್ಚನ್ನು ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಸರಿಸಿದಳು. ಅಣ್ಣ ಇಲ್ಲ. ಗುಜರಿ ಇದ್ದಲ್ಲೇ ಇತ್ತು.

ಸಂಯುತ್ತ ನಿಕಾಯದ ಒಂದು ಸುತ್ತದಲ್ಲಿ ಭಗವಾನರು ರೂಪವನ್ನು ನೊರೆಗೆ, ವೇದನೆಯನ್ನು ನೀರ್ಗುಳ್ಳೆಗೆ, ಸಂಜ್ಞೆಯನ್ನು ಬಿಸಿಲ್ಗುದುರೆಗೆ ಹೋಲಿಸಿದ್ದಾರೆ. ಇದನ್ನು ನಿಮಗೆಲ್ಲ ಎಷ್ಟೋ ಸಲ ವಿವರಿಸಿದವನೂ ನಾನೇ, ನಾಚಿಕೆಯಾಗುತ್ತದೆ. ಬಿಸಿಲ್ಗುದುರೆ ಅಂದರೆ ಏನೂ ಇಲ್ಲವೆಂದಲ್ಲ. ಕಾದ ನೆಲವಿದೆ, ಬಿಸಿಲಿದೆ, ನೋಡುವ ಕಣ್ಣಿದೆ. ನೀರು ಮಾತ್ರ ಇಲ್ಲ. ಹಾಗೆಯೇ ಜಗಳ ನಡೆದದ್ದು ನಿಜ, ಅಣ್ಣ ಆಡಿದ ಮಾತೂ ನಿಜ. ಆದರೆ ನಾನು ಆರಿಸಿ ಕಟ್ಟಿದ್ದು ಅಂಥ ನಾಲ್ಕೈದು ತುಂಡುಗಳನ್ನಷ್ಟೇ. ಸೈಕಲ್ ಕಲಿಸಿದ್ದು, ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯಿಡೀ ಎಚ್ಚರವಿದ್ದು ನನ್ನನ್ನು ಮಲಗು ಅಂದದ್ದು, ಇವೆಲ್ಲ ಚೀಲದ ತಳದಲ್ಲೇ ಉಳಿದವು. ದೀಪ ಇಟ್ಟವನೂ ನಾನೇ.

ಇವತ್ತಿನ ಅಭ್ಯಾಸಕ್ಕೆ 10 ನಿಮಿಷ ಸಾಕು. ಉಸಿರಿನ ಮೇಲೆ ಗಮನವಿಟ್ಟು, ಯಾರ ಹೆಸರು ಕೇಳಿದರೆ ಹುಬ್ಬು ಗಂಟಿಕ್ಕುತ್ತದೋ ಅವರನ್ನು ನೆನೆಯಿರಿ. ಕ್ಷಮಿಸಲೇಬೇಕೆಂದು ಹಟ ಬೇಡ. ಮನಸ್ಸಿನಲ್ಲಿರುವ ಆ ಮುಖ ಯಾವ ಯಾವ ತುಂಡುಗಳಿಂದ ಆಗಿದೆ, ಎಣಿಸಿ. ಆಮೇಲೆ ಚೀಲದಲ್ಲೇ ಬಿಟ್ಟ ಒಂದನ್ನು ಹುಡುಕಿ.

ನಾನಿನ್ನೂ ಅಣ್ಣನಿಗೆ ಫೋನ್ ಮಾಡಿಲ್ಲ. ನಂಬರ್ ಮಾತ್ರ ಹುಡುಕಿ ಬರೆದಿಟ್ಟುಕೊಂಡಿದ್ದೇನೆ. ಗೊಂಬೆ ಟಿವಿ ಪಕ್ಕದಲ್ಲಿದೆ, ಬಿಚ್ಚಲು ಮೊಮ್ಮಗಳು ಬಿಡುತ್ತಿಲ್ಲ.

ಭವತು ಸಬ್ಬ ಮಂಗಲಂ 🪷