ಹದ ಅಳೆಯುವ ಮುನ್ನ ಜಾಗ ಗುರುತಿಸಿ
ಊರಿನ ರೈತರೇ ಸೇರಿ ಮಳೆ, ತೇವಾಂಶದ ಸೆನ್ಸರ್ ಜಾಲ ಕಟ್ಟಿಕೊಳ್ಳುವ ಕ್ರಮ

ಹನಗೋಡು ಹೋಬಳಿಯಲ್ಲಿ ಜಡಿಮಳೆ ಹಿಡಿದ ದಿನವೇ ಬಿಳಿಕೆರೆ ಕಡೆ ನೆಲ ಒಣಗಿರುವುದುಂಟು. ಎರಡೂ ಹುಣಸೂರು ತಾಲ್ಲೂಕೇ. ನಾಗರಹೊಳೆ ಕಾಡಂಚಿನಿಂದ ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತದೆ, ಮಣ್ಣೂ ಬದಲಾಗುತ್ತದೆ. ಹೀಗಿರುವಾಗ ತಾಲ್ಲೂಕಿನ ಸರಾಸರಿ ನೋಡಿಕೊಂಡು ಹೊಗೆಸೊಪ್ಪಿನ ಸಸಿ ನೆಡುವುದಾಗಲಿ, ಶುಂಠಿಗೆ ನೀರು ಬಿಡುವುದಾಗಲಿ ನಷ್ಟದ ಬಾಬತ್ತು. ಸೆನ್ಸರ್ ಹಾಕಿದ ಮಾತ್ರಕ್ಕೂ ಇದು ಸರಿಹೋಗದು. ಯಾವ ಜಾಗದ್ದೆಂದು ತಿಳಿಯದ ಅಂಕಿಯಿಂದ ಯಾವ ತೀರ್ಮಾನವನ್ನೂ ಮಾಡಲಾಗದು. ಆದ್ದರಿಂದ ಕೆಲಸ ಜಾಗದಿಂದಲೇ ಶುರುವಾಗಲಿ.

1. ಈಗಾಗಲೇ ಇರುವ ಮಾಪಕ ಹುಡುಕಿ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆ ಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ಹಾಕಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾದ ಸಂಸ್ಥೆಯಿದು. ಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಮಾಹಿತಿ ಬರುತ್ತದೆ. ಸಂಸ್ಥೆಯ ‘ವರುಣ ಮಿತ್ರ’ ಸಹಾಯವಾಣಿಗೆ (92433 45433) ಕರೆ ಮಾಡಿ ನಿಮ್ಮ ಪಂಚಾಯಿತಿ ಹೆಸರು ಹೇಳಿದರೆ ಮಳೆ ವಿವರ, ಮುನ್ಸೂಚನೆ ತಿಳಿಸುತ್ತಾರೆ. ನಿಮ್ಮ ಹೊಲದಿಂದ ಆ ಮಾಪಕ ಎಷ್ಟು ದೂರ, ಯಾವ ದಿಕ್ಕಿಗಿದೆ ಎಂದು ಬರೆದಿಟ್ಟುಕೊಳ್ಳಿ.

2. ಹೊಲದ ನಕ್ಷೆ ಬರೆಯಿರಿ

ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಅದನ್ನು ಪಹಣಿಯೊಂದಿಗೆ ತಾಳೆ ನೋಡಿ. ಆಮೇಲೆ ಕಾಗದದ ಮೇಲೆ ಹೊಲವನ್ನು ಮಣ್ಣು, ಇಳಿಜಾರು, ಬೆಳೆಗೆ ತಕ್ಕಂತೆ ಭಾಗ ಮಾಡಿ. ದಿಣ್ಣೆಯ ಮರಳು ಮಿಶ್ರಿತ ಕೆಂಪು ಮಣ್ಣು ಬೇಗ ಆರುತ್ತದೆ, ತಗ್ಗಿನ ಜೇಡಿ ತೇವ ಹಿಡಿದಿಡುತ್ತದೆ. ಇಂಥ ಒಂದೊಂದು ಭಾಗದಲ್ಲಿ ಒಂದು ಕಡೆ ಸೆನ್ಸರ್ ಹೂತರೆ ಸಾಕು. ಎಕರೆಗಿಷ್ಟು ಎಂದು ಲೆಕ್ಕ ಹಾಕಿ ಕೊಳ್ಳಬೇಡಿ.

3. ಸ್ಥಾನ ದಾಖಲಿಸಿ

ಬಯಲಿನಲ್ಲಿ ನಿಂತರೆ ಮೊಬೈಲ್‌ನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಜಾಗ ತೋರಿಸುತ್ತದೆ. ಅಡಿಕೆ, ತೆಂಗಿನ ತೋಟದೊಳಗೆ, ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ ಗೋಡೆಯ ಪಕ್ಕ ಈ ತಪ್ಪು ಹೆಚ್ಚುತ್ತದೆ. ಹಾಗಾಗಿ ಒಂದೆರಡು ನಿಮಿಷ ಕಾದು, ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕೈದು ಸಲ ಗುರುತಿಸಿ ಸರಾಸರಿ ತೆಗೆಯಿರಿ. ದಶಮಾಂಶದ ನಂತರ ಐದು ಅಂಕಿ ಬರೆಯಿರಿ. ನಾಲ್ಕನೇ ಅಂಕಿ ಒಂದು ಬದಲಾದರೆ ಜಾಗ ಸುಮಾರು 11 ಮೀಟರ್ ಸರಿಯುತ್ತದೆ, ಐದನೆಯದು ಬದಲಾದರೆ ಸುಮಾರು 1 ಮೀಟರ್.

ಸುಲಭದ ಪರೀಕ್ಷೆಯೊಂದಿದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಈ ನಾಲ್ಕೂ ತಾಲ್ಲೂಕುಗಳಲ್ಲಿ ಬಹುಪಾಲು ಅಕ್ಷಾಂಶ 12ರಿಂದ, ರೇಖಾಂಶ 76ರಿಂದ ಶುರುವಾಗುತ್ತದೆ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಮತ್ತು ಅದರ ದಕ್ಷಿಣಕ್ಕೆ ಅಕ್ಷಾಂಶ 11, ಬೈಲಕುಪ್ಪೆ ಕಡೆ ರೇಖಾಂಶ 75 ಎಂದು ಬರಬಹುದು. ಬೇರೆ ಏನಾದರೂ ಬಂದರೆ ಅಂಕಿ ಅದಲುಬದಲಾಗಿದೆ ಎಂದೇ ಅರ್ಥ.

4. ನೆಲಕ್ಕಿಳಿಸಿ

ಮಳೆ ಮಾಪಕವನ್ನು ಮರ ಅಥವಾ ಕಟ್ಟಡದಿಂದ ಅದರ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ ನಿಲ್ಲಿಸಿ. 15 ಮೀಟರ್ ತೆಂಗಿನ ಮರವಿದ್ದರೆ 30 ಮೀಟರ್ ಆಚೆ. ಹೊಗೆಸೊಪ್ಪು, ಶುಂಠಿ ಹೊಲದಲ್ಲಿ ತೇವಾಂಶದ ಸೆನ್ಸರ್‌ಗಳನ್ನು 15 ಮತ್ತು 30 ಸೆಂಟಿಮೀಟರ್ ಆಳದಲ್ಲಿ, ಮಣ್ಣಿನ ಜೊತೆ ಗಾಳಿಸಂದು ಉಳಿಯದಂತೆ ಒತ್ತಿ ಹೂಳಿ. ಡ್ರಿಪ್ ಹನಿ ನೇರ ಬೀಳುವ ಜಾಗ ಬೇಡ. ಅಲ್ಲಿ ಸೆನ್ಸರ್ ಯಾವಾಗಲೂ ಒದ್ದೆಯೆಂದೇ ತೋರಿಸುತ್ತದೆ.

ಕೆ.ಆರ್. ನಗರದ ನಾಲೆ ನೀರಿನ ಗದ್ದೆಗಳಿಗೆ ಈ ಸೆನ್ಸರ್ ಹೆಚ್ಚು ಉಪಯೋಗವಿಲ್ಲ. ಅಲ್ಲಿ 30 ಸೆಂಟಿಮೀಟರ್ ಉದ್ದದ, ತೂತು ಕೊರೆದ ಪೈಪನ್ನು ಅರ್ಧದಷ್ಟು ಹೂತು, ಒಳಗಿನ ಮಣ್ಣು ತೆಗೆದು, ನೀರಿನ ಮಟ್ಟ ನೋಡಿ. ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ನೀರು ಕಟ್ಟಿದರೆ ಸಾಕು. ಹೂ ಕಟ್ಟುವ ಹೊತ್ತಿನಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತಿರಲಿ.

5. ಸೆನ್ಸರ್‌ಗಳನ್ನು ಜೋಡಿಸಿ

ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ರೇಡಿಯೊ ತರಂಗಕ್ಕೆ ಪರವಾನಗಿ ಬೇಡ. ಲೋರಾ ಎಂಬ ರೇಡಿಯೊ ತಂತ್ರದ ಸೆನ್ಸರ್‌ಗಳು ಇದನ್ನೇ ಬಳಸುತ್ತವೆ. ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಸಣ್ಣ ಬ್ಯಾಟರಿಯಲ್ಲೇ ಸಂದೇಶ ಕಳಿಸುತ್ತವೆ. ಎಲ್ಲವನ್ನೂ ಕೂಡಿಸಿಕೊಳ್ಳುವ ಗೇಟ್‌ವೇ ಪೆಟ್ಟಿಗೆಯನ್ನು ಊರಿನ ಎತ್ತರದ ಜಾಗದಲ್ಲಿ ಇಡಿ.

ಗೊತ್ತಿರುವ ಮೂರು ಗೇಟ್‌ವೇಗಳಿಂದ ಬಂದ ಸಿಗ್ನಲ್ ಬಲ ನೋಡಿ ಸೆನ್ಸರ್ ಎಲ್ಲಿದೆಯೆಂದು ಲೆಕ್ಕ ಹಾಕುವ ವಿಧಾನವೂ ಇದೆ. ಆದರೆ ಬೆಳೆ ಎತ್ತರವಾದಂತೆ, ಎಲೆ ಒದ್ದೆಯಾದಂತೆ ಸಿಗ್ನಲ್ ಕುಗ್ಗಿ ಲೆಕ್ಕ ನೂರಾರು ಮೀಟರ್ ತಪ್ಪಬಹುದು. ಪ್ರತಿ ಸೆನ್ಸರ್‌ಗೂ ಜಿಪಿಎಸ್ ಜೋಡಿಸಿದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಕದಲದ ಸೆನ್ಸರ್‌ಗೆ, ಹೂಳುವಾಗಲೇ ಸ್ಥಾನವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದೇ ಅಗ್ಗದ, ಖಚಿತ ದಾರಿ. ಪಂಚಾಯಿತಿ, ಸರ್ವೆ ನಂಬರ್, ಹಿಸ್ಸಾ, ಆಳ ಸೇರಿಸಿ ಒಂದೊಂದಕ್ಕೂ ಹೆಸರಿಡಿ. ಉಳುಮೆಗೆ ಕಿತ್ತು ಬೇರೆಡೆ ಹೂತರೆ ಅದೇ ದಿನ ಪುಸ್ತಕ ತಿದ್ದಿ.

6. ತೀರ್ಮಾನ ಊರಲ್ಲೇ ಆಗಲಿ

ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗಳಲ್ಲಿ ಮೊಬೈಲ್ ನೆಟ್‌ವರ್ಕ್ ನೆಚ್ಚಿಕೊಳ್ಳಲಾಗದು. ಎಲ್ಲ ಅಂಕಿಯೂ ದೂರದ ಸರ್ವರ್‌ಗೆ ಹೋಗಿ ಬರುವ ಏರ್ಪಾಡಾದರೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ತೇವ ಇಷ್ಟಕ್ಕಿಳಿದರೆ ಎಚ್ಚರಿಸು ಎಂಬ ಮಿತಿಯನ್ನು ಗೇಟ್‌ವೇಯಲ್ಲೇ ಹಾಕಿಸಿ. ಹೊರಗೆ ದಿನಕ್ಕೊಂದು ಸಾರಾಂಶ ಹೋದರೆ ಸಾಕು.

7. ತಾಳೆ ನೋಡಿ

ಬೆಳಿಗ್ಗೆ 8.30ಕ್ಕೆ ಹವಾಮಾನ ಇಲಾಖೆ ದಿನದ ಮಳೆ ಅಳೆಯುತ್ತದೆ. ನೀವೂ ಅದೇ ಹೊತ್ತಿಗೆ ಅಳೆದರೆ ಹೋಲಿಸಬಹುದು. ಮಾಪಕವಿಲ್ಲದ ಹೊಲದ ಮಳೆ ಅಂದಾಜಿಸುವಾಗ ಹತ್ತಿರದ ಮಾಪಕಕ್ಕೆ ಹೆಚ್ಚು ತೂಕ ಕೊಡಿ. 1 ಕಿ.ಮೀ. ದೂರದ ಮಾಪಕ 20 ಮಿ.ಮೀ., 3 ಕಿ.ಮೀ. ದೂರದ್ದು 8 ಮಿ.ಮೀ. ತೋರಿಸಿದರೆ ಮೊದಲನೆಯದನ್ನು ಮೂರು ಪಾಲು, ಎರಡನೆಯದನ್ನು ಒಂದು ಪಾಲು ಎಣಿಸಿ. ಅಂದಾಜು 17 ಮಿ.ಮೀ. ಬರುತ್ತದೆ. ಒಂದು ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4 ಸಾವಿರ ಲೀಟರ್ ನೀರು. ಬೋರ್‌ವೆಲ್ ಎಷ್ಟು ಹೊತ್ತು ಓಡಿಸಬೇಕೆಂದು ಇದರಿಂದಲೇ ಲೆಕ್ಕ ಸಿಗುತ್ತದೆ.

ಒಂದು ಎಚ್ಚರಿಕೆ. ಹವಾಮಾನ ಆಧಾರಿತ ಬೆಳೆ ವಿಮೆಗೆ ಅಧಿಸೂಚಿತ ಮಾಪಕದ ಅಂಕಿಯೇ ಆಧಾರ, ನಿಮ್ಮದಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆ ವಿಮೆ ಮಾಡಿಸಿದವರು ಆಲಿಕಲ್ಲು ಮಳೆ, ಜಲಾವೃತದಂಥ ಸ್ಥಳೀಯ ವಿಕೋಪವಾದರೆ 72 ಗಂಟೆಯೊಳಗೆ ಸರ್ವೆ ನಂಬರ್ ಸಮೇತ ತಿಳಿಸಬೇಕು. ಮೇಲೆ ಹೇಳಿದ ಪುಸ್ತಕವಿದ್ದರೆ ಆ ಹೊತ್ತಿನಲ್ಲಿ ತಡಕಾಡಬೇಕಿಲ್ಲ.

ಒಬ್ಬರೇ ಖರ್ಚು ಹೊರುವ ಬದಲು ಅಕ್ಕಪಕ್ಕದ ಐದಾರು ರೈತರು ಸೇರಿ ಒಂದು ಗೇಟ್‌ವೇ, ಒಂದು ಪುಸ್ತಕ ಇಟ್ಟುಕೊಳ್ಳಿ. ಮುಂಗಾರಿಗೆ ಮೊದಲೇ ನಕ್ಷೆ ಬರೆದು ಮುಗಿಸಿ. ಅದಕ್ಕೆ ಕಾಗದ, ಮೊಬೈಲ್ ಬಿಟ್ಟರೆ ಬೇರೆ ಖರ್ಚಿಲ್ಲ.