ಹಳೆಯ ಮೋಟಾರು ಸೈಕಲ್ಲಿನ ಟ್ರಯಲ್ಸ್ ಪಂದ್ಯ: ಯಾವ ದಾರಿಗೆ ಹೆಸರು ಕೊಡಬೇಕು?

ಮೈಸೂರಿನ ದಸರಾ ಕುಸ್ತಿಯ ವಿಚಾರ ನಮ್ಮಲ್ಲಿ ಹಲವರು ಬಲ್ಲರು. ಆದರೆ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವ’ ಕೆಲಸವೊಂದು ಬೇರೆಯಾಗಿಯೇ ನಡೆಯುತ್ತದೆಂಬುದು ದೂರದಲ್ಲಿರುವ ನಮ್ಮಂಥವರಿಗೆ ಅಷ್ಟಾಗಿ ತಿಳಿದಿಲ್ಲ. ಬಂದ ಪೈಲ್ವಾನರ ಮೈಕಟ್ಟು, ವಯಸ್ಸು, ತಾಲೀಮು ಇವನ್ನೆಲ್ಲ ನೋಡಿ, ಇಂಥವನಿಗೆ ಇಂಥವನು ಸರಿಜೋಡಿ ಎಂದು ತಿಳಿದವರು ಗೊತ್ತುಮಾಡುತ್ತಾರೆ. ಜೋಡಿ ತಪ್ಪಿದರೆ ಕುಸ್ತಿ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಗೆದ್ದವನಿಗೂ ಹೆಸರಿಲ್ಲ, ಸೋತವನಿಗೂ ಪಾಠವಿಲ್ಲ, ನೋಡಲು ಬಂದವರಿಗೆ ಕೊಟ್ಟ ಕಾಸು ದಂಡ.

ನಾನು ಬರೆಯಹೊರಟಿರುವುದು ಕುಸ್ತಿಯ ವಿಚಾರವಲ್ಲ, ಮೋಟಾರು ಸೈಕಲ್ಲಿನ ಟ್ರಯಲ್ಸ್ ಎಂಬ ಪಂದ್ಯದ ವಿಚಾರ. ಅಲ್ಲಿ ಜೋಡಿ ಕಟ್ಟುವ ಹಿರಿಯರು ಯಾರೂ ಇರುವುದಿಲ್ಲ. ಸವಾರನ ಎದುರಾಳಿ ಎಂದರೆ ದಾರಿ. ಆ ದಾರಿ ಸುಲಭದ್ದಿರಲಿ, ನಡುತರದ್ದಿರಲಿ, ಕಠಿಣವಿರಲಿ, ಯಾವುದು ಬೇಕೆಂದು ಹೆಸರು ಕೊಡುವಾಗ ತಾನೇ ಬರೆದುಕೊಡಬೇಕು. ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಮೂವರು ಯುವಕರು ಒಂದು ಹಳೆಯ ಬುಲೆಟ್ಟನ್ನೂ ಒಂದು ಯೆಜ್ಡಿಯನ್ನೂ ದುರಸ್ತಿ ಮಾಡಿ ನಿಲ್ಲಿಸಿದ್ದಾರೆ. ಊರಿನ ಕಡೆ ಹೋದಾಗ ಪಂದ್ಯಕ್ಕೆ ಇಳಿಯಬೇಕೆಂಬ ಉಮೇದು ಅವರದು. “ಯಾವ ದಾರಿಗೆ ಹೆಸರು ಕೊಡೋಣ, ಮಾಮಾ?” ಎಂದು ನನ್ನನ್ನೇ ಕೇಳಿದರು. ನಾನು ಗಿರಣಿಯ ಗುಮಾಸ್ತ, ಮೆಟ್ರಿಕ್ಕಿಗೆ ಓದು ನಿಲ್ಲಿಸಿದವನು. ಆದಾಗ್ಯೂ ಈ ಒಂದು ಪ್ರಶ್ನೆಗೆ ಉತ್ತರ ಕೊಡುವ ಹೊಣೆ ನನಗಿದೆ. ಕಾರಣ ಮುಂದೆ ತಿಳಿಯುತ್ತದೆ.

ಮೊದಲು ಆಟದ ಸ್ವರೂಪ. ಟ್ರಯಲ್ಸಿನಲ್ಲಿ ವೇಗಕ್ಕೆ ಬೆಲೆಯಿಲ್ಲ. ಕಲ್ಲು, ಕೆಸರು, ಹಳ್ಳ, ಏರು, ಮರದ ಬೇರು ಇಂಥ ಎಡೆಯಲ್ಲಿ ಒಂದೊಂದು ತುಂಡು ದಾರಿಯನ್ನು ಗುರುತು ಮಾಡಿರುತ್ತಾರೆ. ಅದಕ್ಕೆ ಸೆಕ್ಷನ್ ಎಂದು ಹೆಸರು. ಬಲಕ್ಕೆ ಕೆಂಪು, ಎಡಕ್ಕೆ ನೀಲಿ ಗುರುತು ಇಡುವುದು ಇಂಗ್ಲೆಂಡಿನ ವಾಡಿಕೆ. ಪ್ರತಿ ಸೆಕ್ಷನ್ನಿಗೂ ಒಬ್ಬ ನಿರೀಕ್ಷಕ ನಿಂತು ಸವಾರನ ಕಾಲನ್ನೇ ನೋಡುತ್ತಿರುತ್ತಾನೆ. ಕಾಲು ನೆಲಕ್ಕೆ ತಗುಲದೆ ದಾಟಿದರೆ ೦. ಒಮ್ಮೆ ತಗುಲಿದರೆ ೧, ಎರಡು ಸಲ ತಗುಲಿದರೆ ೨, ಮೂರು ಸಲವಾಗಲಿ ಹತ್ತು ಸಲವಾಗಲಿ ೩. ಬಿದ್ದರೆ, ಗುರುತಿನ ಹೊರಗೆ ಹೋದರೆ, ದಾಟಲಾಗದೆ ಉಳಿದರೆ ೫. ಹಳೆಯ ಗಾಡಿಗಳ ಪಂದ್ಯಗಳಲ್ಲಿ ಗಾಡಿ ಮುಂದಕ್ಕೆ ಚಲಿಸುವುದು ನಿಂತರೂ ೫ ಎಂಬ ಕಟ್ಟುಪಾಡು ಸಾಮಾನ್ಯ. ಲೆಕ್ಕ ಬರೆಯುವವನಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಅಂಕವೆಂದರೆ ಜಮೆಯಲ್ಲ, ಖರ್ಚು. ಸಂಜೆಗೆ ಯಾರ ಖರ್ಚು ಕಡಿಮೆಯೋ ಅವನು ಗೆದ್ದ.

ಒಂದೇ ಸೆಕ್ಷನ್ನಿನಲ್ಲಿ ಎರಡು ಮೂರು ದಾರಿಗಳಿರುವುದುಂಟು. ಬಾಗಿಲೂ ಒಂದೇ, ಕೊನೆಯೂ ಒಂದೇ. ನಡುವೆ ಕಠಿಣದ ದಾರಿ ಬಂಡೆಯ ಮೇಲೆ ಹತ್ತುತ್ತದೆ, ಸುಲಭದ ದಾರಿ ಅದೇ ಬಂಡೆಯನ್ನು ಸುತ್ತಿ ಹೋಗುತ್ತದೆ. ಕಷ್ಟವೆಲ್ಲ ಇಲ್ಲಿಂದ ಮೊದಲಾಗುತ್ತದೆ. ಬಂಡೆ ಹತ್ತುವವನನ್ನು ಜನ ನೋಡುತ್ತಾರೆ, ಸುತ್ತಿ ಹೋಗುವವನನ್ನು ಯಾರೂ ನೋಡುವುದಿಲ್ಲ.

ಇನ್ನು ಗಾಡಿಯ ವಿಚಾರ. ನಮ್ಮ ಗಲ್ಲಿಗಳಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಬುಲೆಟ್ಟನ್ನು ನೋಡಿದವರಿಗೆ, ಅದು ಒಂದು ಕಾಲದಲ್ಲಿ ಟ್ರಯಲ್ಸಿನ ದೊಡ್ಡ ಗಾಡಿಯೆಂದರೆ ನಗು ಬರಬಹುದು. ೧೯೪೮ರಲ್ಲಿ ಇಟಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನದ ಪಂದ್ಯದಲ್ಲಿ ಗೆದ್ದ ಬ್ರಿಟಿಷ್ ತಂಡದಲ್ಲಿ ಬುಲೆಟ್ಟಿನ ಮೊದಲ ಮಾದರಿಗಳಿದ್ದವು. ಆಗ ಟ್ರಯಲ್ಸಿಗೆ ಹಿಂಚಕ್ರಕ್ಕೆ ಸ್ಪ್ರಿಂಗ್ ಇಲ್ಲದ ಬಿಗಿ ಚೌಕಟ್ಟೇ ಒಳ್ಳೆಯದೆಂದು ಬಲ್ಲವರು ನಂಬಿದ್ದರು. ಹಿಂದೆ ಮೇಲೆ ಕೆಳಗೆ ಆಡುವ ಬುಲೆಟ್ಟಿನ ಚಕ್ರ ಕಲ್ಲಿನ ಮೇಲೆ ಹಿಡಿತ ಬಿಡದೆ ಹೋದುದನ್ನು ಕಂಡು ಆ ನಂಬಿಕೆ ಸಡಿಲವಾಯಿತು. ಸ್ಕಾಟ್ಲೆಂಡಿನ ಪ್ರಸಿದ್ಧ ಆರು ದಿನದ ಟ್ರಯಲ್ಲನ್ನು ಜಾನಿ ಬ್ರಿಟ್ಟನ್ ಎಂಬಾತ ರಾಯಲ್ ಎನ್‌ಫೀಲ್ಡ್ ಗಾಡಿಯ ಮೇಲೆ ೧೯೫೨ರಲ್ಲಿಯೂ ೧೯೫೭ರಲ್ಲಿಯೂ ಗೆದ್ದ. ಅವನ ನೆನಪಿಗಾಗಿಯೇ ಕಂಪನಿಯವರು ೨೦೧೯ರಲ್ಲಿ ನಮ್ಮ ದೇಶದಲ್ಲಿ ಬುಲೆಟ್ ಟ್ರಯಲ್ಸ್ ಎಂಬ ಮಾದರಿಯನ್ನು ಹೊರಡಿಸಿದ್ದರು. ಅದು ಬಹಳ ದಿನ ನಡೆಯಲಿಲ್ಲ.

೧೯೬೫ರಲ್ಲಿ ಸ್ಯಾಮಿ ಮಿಲ್ಲರ್ ಎಂಬ ಸವಾರ ಸ್ಪೇನ್ ದೇಶದ ಬುಲ್ಟಾಕೊ ಎಂಬ ಹಗುರವಾದ ಟೂ ಸ್ಟ್ರೋಕ್ ಗಾಡಿಯ ಮೇಲೆ ಅದೇ ಸ್ಕಾಟ್ಲೆಂಡಿನ ಪಂದ್ಯ ಗೆದ್ದ. ಭಾರದ ಫೋರ್ ಸ್ಟ್ರೋಕ್ ಗಾಡಿಗಳ ಕಾಲ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಆದುದರಿಂದಲೇ ಇಂದಿಗೂ ಹಳೆಯ ಗಾಡಿಗಳ ಪಂದ್ಯದಲ್ಲಿ ೧೯೬೫ಕ್ಕೆ ಹಿಂದಿನವಕ್ಕೆ ಒಂದು ವರ್ಗ, ಅನಂತರದ, ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಇರುವವಕ್ಕೆ ಇನ್ನೊಂದು ವರ್ಗ ಎಂದು ವಿಂಗಡಿಸುತ್ತಾರೆ. ಇದು ಗಾಡಿಯ ವರ್ಗ; ದಾರಿಯ ದರ್ಜೆ ಬೇರೆ. ಇವೆರಡನ್ನೂ ಕಲಸಬಾರದು.

ದಾರಿ ಆರಿಸುವಾಗ ನೆನಪಿಡಬೇಕಾದುದು ತೂಕ. ಈಗಿನ ಟ್ರಯಲ್ಸ್ ಗಾಡಿ ಸುಮಾರು ೭೦ ಕಿಲೋ. ನಮ್ಮ ರಸ್ತೆಯ ಬುಲೆಟ್ಟು ಒಂದೂವರೆ ಕ್ವಿಂಟಲ್ ದಾಟುತ್ತದೆ. ಈಗಿನ ಸವಾರ ಬಂಡೆಯ ಮುಂದೆ ನಿಂತು, ಗಾಡಿಯನ್ನೇ ಕುಪ್ಪಳಿಸಿ ಮೇಲೆ ಹಾರಿಸುತ್ತಾನೆ. ಒಂದೂವರೆ ಕ್ವಿಂಟಲನ್ನು ಕುಪ್ಪಳಿಸುವುದೆಂದರೆ ನಮ್ಮ ಗಿರಣಿಯ ಹಮಾಲರೂ ಕೈಮುಗಿಯುತ್ತಾರೆ. ಬ್ರಿಟ್ಟನ್ನನ ಕಾಲದ ಸೆಕ್ಷನ್ನುಗಳಲ್ಲಿ ಗೋಡೆಯಂಥ ಮೆಟ್ಟಿಲಿರಲಿಲ್ಲ. ಕಲ್ಲು ತುಂಬಿದ ತೊರೆ, ಕೆಸರಿನ ಓಣಿ, ಜಾರುವ ಏರು ಇದ್ದವು. ಹಳೆಯ ಗಾಡಿಗೆ ಅಂಥ ದಾರಿಯೇ ಸರಿ. ಹೀಗಿರುವಲ್ಲಿ ಹೊಸ ಗಾಡಿಗೆಂದು ಗುರುತಿಸಿದ ಕಠಿಣದ ದಾರಿಗೆ ಹಳೆಯ ಗಾಡಿಯನ್ನು ಒಯ್ಯುವುದು ಧೈರ್ಯವಲ್ಲ, ಜೋಡಿ ತಪ್ಪಿಸುವುದು.

ಯೆಜ್ಡಿಯ ವಿಷಯ ಸ್ವಲ್ಪ ಬೇರೆ. ಮೈಸೂರು ಘಾಟಿನ ಪಕ್ಕದಲ್ಲಿರುವ ನಮಗೆ ಮೈಸೂರಿನಲ್ಲಿ ತಯಾರಾದ ಗಾಡಿಯೆಂದರೆ ಮಮತೆ ಸಹಜ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಲ್ಲಿ ಕೆಲಸ ಆರಂಭಿಸಿ ೧೯೯೬ರಲ್ಲಿ ನಿಂತುಹೋಯಿತು. ಅದರ ಗಾಡಿಗಳು ಮಾತ್ರ ನಿಲ್ಲಲಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಅವನ್ನು ಪ್ರೀತಿಸುವವರು ಮೆರವಣಿಗೆಯಾಗಿ ಹೊರಡುತ್ತಾರೆ. ಈ ಗಾಡಿ ಬುಲೆಟ್ಟಿಗಿಂತ ಹಗುರ. ಆದರೆ ಎರಡು ಪಕ್ಕದಲ್ಲಿಯೂ ಸೈಲೆನ್ಸರು ಕೆಳಗೆ ಚಾಚಿಕೊಂಡಿರುತ್ತವೆ. ಚಕ್ರ ದಾಟಿದ ಕಲ್ಲನ್ನು ಸೈಲೆನ್ಸರು ದಾಟುವುದಿಲ್ಲ. ಬುಲೆಟ್ಟಿನ ಭಾರದ ಫ್ಲೈವೀಲು ಮೆಲ್ಲಗೆ ತಿರುಗುತ್ತಲೇ ಎಳೆಯುವಂತೆ ಯೆಜ್ಡಿ ಎಳೆಯುವುದಿಲ್ಲ. ಅದಕ್ಕೆ ಸ್ವಲ್ಪ ಹೆಚ್ಚು ಎಕ್ಸಲೇಟರ್ ಕೊಡಬೇಕು, ಕೊಟ್ಟರೆ ಹಿಂಚಕ್ರ ಸುತ್ತುತ್ತದೆ.

ಹಿಡಿತವೆಂದರೇನೆಂದು ಹನುಮಾನ್ ಘಾಟಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದ ಪ್ರವಾಹ ಇಳಿದ ಮೇಲೆ ನಮ್ಮ ಮೆಟ್ಟಿಲುಗಳ ಮೇಲೆ ಗಂಗೆ ಬಿಟ್ಟುಹೋಗುವ ರೇವೆಮಣ್ಣನ್ನು ನೆನೆಸಿಕೊಳ್ಳಿ. ಹೊಸದಾಗಿ ಬಂದ ಯಾತ್ರಿಕ ಅವಸರದಲ್ಲಿ ಕಾಲೂರಿ ಜಾರುತ್ತಾನೆ. ಇಲ್ಲಿ ಹುಟ್ಟಿದ ಮುದುಕಿ ಕೊಡ ಹಿಡಿದು, ಪಾದವನ್ನು ಪೂರ್ತಿಯಾಗಿ ಇಟ್ಟು, ತಡೆದು, ಆಮೇಲೆ ಭಾರ ಬಿಡುತ್ತಾಳೆ. ಎಕ್ಸಲೇಟರ್ ತಿರುಗಿಸುವ ಕೈಗೂ ಇದೇ ಅಭ್ಯಾಸ ಬೇಕು. (ಹಾಗೆಂದು ಘಾಟಿನ ಮೆಟ್ಟಿಲ ಮೇಲೆ ಗಾಡಿ ಹತ್ತಿಸಿ ಅಭ್ಯಾಸ ಮಾಡಕೂಡದು. ಅವು ಸ್ನಾನಕ್ಕೆ ಬರುವವರಿಗಾಗಿ ಇರುವವು. ಹೋದ ವರ್ಷ ಯಾರೋ ಹತ್ತಿಸಿದ್ದನ್ನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ.)

ಇನ್ನು ನನ್ನ ಕಥೆ. ಕಳೆದ ಜನವರಿಯಲ್ಲಿ ನಾವು ಏಳು ಮಂದಿ ಮಿರ್ಜಾಪುರದ ಕಡೆ ಒಣಗಿದ ಕಲ್ಲು ಹಳ್ಳವೊಂದರಲ್ಲಿ ನಮ್ಮ ನಮ್ಮೊಳಗೇ ಒಂದು ಪಂದ್ಯ ಇಟ್ಟುಕೊಂಡೆವು. ಸುಣ್ಣದಿಂದ ಗುರುತು ಮಾಡಿ ಆರು ಸೆಕ್ಷನ್ನು, ಮೂರು ದಾರಿ, ಮೂರು ಸುತ್ತು. ನನ್ನ ತಂದೆಯವರ ಯೆಜ್ಡಿ ನನ್ನದು. ಸುಲಭದ ದಾರಿಯಲ್ಲಿಯೇ ನನಗೆ ಒಂದೆರಡು ಕಡೆ ಕಾಲೂರುವ ಸ್ಥಿತಿ; ಅದು ನನಗೆ ತಿಳಿದೂ ಇತ್ತು. ಆದರೆ ಹುಡುಗರ ಎದುರಿಗೆ ಹಿರಿಯನಾದವನು ಬಂಡೆ ಸುತ್ತಿ ಹೋಗುವುದೇ ಎಂದು ಕಠಿಣಕ್ಕೆ ಹೆಸರು ಬರೆಸಿದೆ. ಮೊದಲ ಸುತ್ತಿನಲ್ಲಿ ಆರಕ್ಕೆ ಐದು ಕಡೆ ೫. ಎರಡನೆಯ ಸುತ್ತಿನಲ್ಲಿ ಆರಕ್ಕೆ ಆರೂ ೫. ಮೂರನೆಯದರಲ್ಲಿ ಗಾಡಿ ಹಿಂದಕ್ಕೆ ಜಾರಿ ಸೈಲೆನ್ಸರಿನ ಕೆಳಗೆ ನನ್ನ ಕಾಲು ಸಿಕ್ಕಿತು. ಹನ್ನೊಂದು ದಿನ ಕೆಲಸಕ್ಕೆ ಹೋಗಲಾಗಲಿಲ್ಲ, ಆ ದಿನಗಳ ಸಂಬಳವೂ ಇಲ್ಲ. ಅದು ಹೋಗಲಿ. ನನ್ನನ್ನು ನೋಡಿ ನಡುತರದ ದಾರಿ ಬಿಟ್ಟು ಕಠಿಣಕ್ಕೆ ಬಂದ ಹುಡುಗನೊಬ್ಬ ಅದೇ ಬಂಡೆಯ ಮೇಲೆ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಆರು ವಾರ ಪ್ಲಾಸ್ಟರು. ಫೆಬ್ರವರಿಯ ಬೋರ್ಡು ಪರೀಕ್ಷೆಯನ್ನು ಅವನು ಹೇಳಿ, ಬೇರೊಬ್ಬರು ಬರೆಯಬೇಕಾಯಿತು. ನೋಡಲು ಹೋದಾಗ ಅವನ ತಾಯಿ ನನಗೆ ಕಾಫಿ ಕೊಟ್ಟು, “ನೀವು ದೊಡ್ಡವರು ಹೋದಿರಿ ಅಂತ ಅವನೂ ಹೋದ” ಎಂದರು. ಅಷ್ಟೇ ಹೇಳಿದರು.

ಮನೆಯಲ್ಲಿ ಕಾಲು ಚಾಚಿ ಕುಳಿತಾಗ ಆ ದಿನದ ಅಂಕದ ಚೀಟಿಗಳನ್ನೆಲ್ಲ ಮುಂದಿಟ್ಟುಕೊಂಡು ಲೆಕ್ಕ ನೋಡಿದೆ. ಆಗ ಒಂದು ಸಂಗತಿ ಹೊಳೆಯಿತು. ೫ ಎಂಬ ಅಂಕ ಏನನ್ನೂ ಹೇಳುವುದಿಲ್ಲ. ಬಾಗಿಲಲ್ಲೇ ಬಿದ್ದವನಿಗೂ ಅದೇ, ಕೊನೆಯ ಗೇಣಿನಲ್ಲಿ ಬಿದ್ದವನಿಗೂ ಅದೇ. ನನ್ನ ಚೀಟಿಯನ್ನು ಎಷ್ಟು ಸಲ ಓದಿದರೂ ನಾನು ಏನು ಕಲಿತೆನೆಂಬುದು ಅದರಲ್ಲಿರಲಿಲ್ಲ. ನಡುತರದ ದಾರಿಯಲ್ಲಿದ್ದ ಇನ್ನೊಬ್ಬ ಹುಡುಗನ ಚೀಟಿ ನೋಡಿ: ಒಂದು ಸೆಕ್ಷನ್ನಿನಲ್ಲಿ ಮೂರು ಸುತ್ತಿಗೆ ೩, ೨, ೧. ಇನ್ನೊಂದರಲ್ಲಿ ೧, ೧, ೦. ಬೇರೊಂದರಲ್ಲಿ ೦, ೧, ೩. ಮೊದಲಿನೆರಡರಲ್ಲಿ ಅವನು ದಾರಿಯನ್ನು ಕಲಿಯುತ್ತ ಹೋದ, ಕೊನೆಯದರಲ್ಲಿ ತೋಳು ದಣಿಯಿತು. ಎಲ್ಲವೂ ಬರೆದಿಟ್ಟಂತಿದೆ. ಯಾವ ದಾರಿಯಲ್ಲಿ ನಿಮ್ಮ ಚೀಟಿಯ ತುಂಬ ೧, ೨, ೩ ಇರುತ್ತವೆಯೋ ಅದೇ ನಿಮ್ಮ ದಾರಿ ಎಂದು ನನ್ನ ತೀರ್ಮಾನ.

ಇದನ್ನು ಅಂಕೆಯಲ್ಲಿ ಹೇಳಬೇಕೆಂದರೆ, ಹತ್ತು ಸೆಕ್ಷನ್ನು ಮೂರು ಸುತ್ತಿನ ಪಂದ್ಯವೆಂದುಕೊಳ್ಳೋಣ. ಒಟ್ಟು ೩೦ ಪ್ರಯತ್ನ. ಅವುಗಳಲ್ಲಿ ೮ಕ್ಕಿಂತ ಹೆಚ್ಚು ಕಡೆ ೫ ಬಂದರೆ ಮುಂದಿನ ಸಲ ಒಂದು ದರ್ಜೆ ಕೆಳಗಿಳಿಯತಕ್ಕದ್ದು. ೨೦ಕ್ಕಿಂತ ಹೆಚ್ಚು ಕಡೆ ೦ ಬಂದು, ಎರಡು ಪಂದ್ಯ ಒಂದೇ ಸಮನೆ ಹಾಗಾದರೆ ಮೇಲಕ್ಕೆ ಹೋಗತಕ್ಕದ್ದು. ಇದು ನನ್ನ ಅಳತೆ, ಯಾವ ನಿಯಮದ ಪುಸ್ತಕದ್ದೂ ಅಲ್ಲ. ಅನುಮಾನ ಬಂದಲ್ಲಿ ಮೂರನೆಯ ಸುತ್ತನ್ನೇ ನಂಬಬೇಕು, ಮೊದಲನೆಯದನ್ನಲ್ಲ. ಭಾರದ ಗಾಡಿ ಮಧ್ಯಾಹ್ನದ ಹೊತ್ತಿಗೆ ಇನ್ನೂ ಭಾರವಾಗುತ್ತದೆ.

ಮೇಲಕ್ಕೆ ಹೋಗತಕ್ಕದ್ದು ಎಂದುದನ್ನು ಕೆಲವರು ಬೇಕೆಂದೇ ಕೇಳಿಸಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಸುಲಭದ ದಾರಿಯಲ್ಲಿಯೇ ನಿಂತು ಬಹುಮಾನದ ಲೋಟ ಮನೆಗೆ ಒಯ್ಯುವವರು ಎಲ್ಲ ಆಟಗಳಲ್ಲಿಯೂ ಇದ್ದಾರೆ. ಎಂಟನೆಯ ತರಗತಿಯ ಹುಡುಗ ಮೂರನೆಯ ತರಗತಿಯ ಉಕ್ತಲೇಖನದಲ್ಲಿ ಕುಳಿತು ಮೊದಲು ಬಂದ ಹಾಗೆ. ನನ್ನ ತಪ್ಪಿನಿಂದ ಮೂಳೆ ಮುರಿಯುತ್ತದೆ. ಅವರ ತಪ್ಪಿನಿಂದ ಹೊಸದಾಗಿ ಬಂದವರ ಉತ್ಸಾಹ ಮುರಿಯುತ್ತದೆ.

ಪಂದ್ಯದ ದಿನ ಮಾಡಬೇಕಾದುದು ಇಷ್ಟು. ಹೆಸರು ಕೊಡುವ ಮುಂಚೆ ಸೆಕ್ಷನ್ನುಗಳನ್ನು ಕಾಲ್ನಡಿಗೆಯಲ್ಲಿ ನೋಡಿ. ಹತ್ತುವ ಕಡೆಯಿಂದ ಮಾತ್ರವಲ್ಲ, ಕೊನೆಯಿಂದ ಹಿಂದಕ್ಕೂ ನಡೆದು ನೋಡಿ. ಬಿದ್ದರೆ ಎಲ್ಲಿಗೆ ಬೀಳುತ್ತೇವೆಂಬುದು ಆಗ ಕಾಣುತ್ತದೆ. ನಿಮ್ಮ ಗಾಡಿಯಂಥದೇ ಗಾಡಿಯ ಸವಾರನೊಬ್ಬ ದಾಟುವುದನ್ನು ನೋಡಿದ ಮೇಲೆ ತೀರ್ಮಾನಿಸಿ. ಹಗುರದ ಹೊಸ ಗಾಡಿಯವನು ದಾಟಿದನೆಂಬುದು ನಿಮಗೆ ಪ್ರಮಾಣವಲ್ಲ. ದರ್ಜೆ ಬದಲಿಸುವುದಾದರೆ ಆರಂಭಕ್ಕೆ ಮುಂಚೆಯೇ ಕೇಳಿಕೊಳ್ಳಿ. ಹಿಡಿತಕ್ಕಾಗಿ ಟೈರಿನ ಗಾಳಿ ಇಳಿಸುವ ಅಭ್ಯಾಸವಿದೆ. ಆದರೆ ಟ್ಯೂಬು ಇರುವ ನಮ್ಮ ಗಾಡಿಗಳಲ್ಲಿ ಬಹಳ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವಿನ ಬುಡವನ್ನೇ ಕಿತ್ತುಹಾಕುತ್ತದೆ. ಹೆಲ್ಮೆಟ್ಟು, ಗಟ್ಟಿ ಬೂಟು ಇಲ್ಲದವನಿಗೆ ಯಾವ ದಾರಿಯೂ ಇಲ್ಲ.

ಆ ಹುಡುಗನ ಕೈ ಈಗ ಕೂಡಿಕೊಂಡಿದೆ. ಪರೀಕ್ಷೆಯಲ್ಲಿಯೂ ತೇರ್ಗಡೆಯಾದ. ಬರುವ ಚಳಿಗಾಲಕ್ಕೆ ಅದೇ ಹಳ್ಳದಲ್ಲಿ ಮತ್ತೆ ಸೇರುವುದೆಂದು ಮಾತಾಗಿದೆ; ಅವನು ನಡುತರದ ದಾರಿಗೆ, ನಾನು ಸುಲಭದ ದಾರಿಗೆ ಹೆಸರು ಬರೆಸಿದ್ದೇವೆ. ಕಳೆದ ಸಲದ ಅಂಕದ ಚೀಟಿಗಳನ್ನು, ನನ್ನದನ್ನೂ ಸೇರಿಸಿ, ಒಂದು ಪುಸ್ತಕಕ್ಕೆ ಅಂಟಿಸಿ ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ನೋಡಬೇಕೆನ್ನುವವರು ಸಂಜೆ ಆರರಿಂದ ಎಂಟರವರೆಗೆ ನೋಡಬಹುದು.