ಪವರ್‌ಪಾಯಿಂಟ್ ನಮ್ಮ ಕೋಡ್‌ನ ಮಾತು ಕೇಳದಿದ್ದಾಗ

ಬೀದರ್‌ನ ಮಹಮೂದ್ ಗವಾನ್ ಮದರಸಾ (1472) ಕುರಿತ ಸ್ಲೈಡ್‌ಗಳನ್ನು ಪೈಥಾನ್ ಪ್ರೋಗ್ರಾಂನಿಂದಲೇ ತೆರೆಯಬಹುದು. ಕೋಡ್ ಕೆಲಸ ಮಾಡದಿದ್ದರೆ ನಾನು ಪರೀಕ್ಷಿಸುವ ಕ್ರಮವಿದು.

1. ಸ್ಲೈಡ್‌ಗಳ ಎಣಿಕೆ 1ರಿಂದ ಶುರು. ಪೈಥಾನ್ ಪಟ್ಟಿಯಂತೆ 0ಯಿಂದ ಅಲ್ಲ.

2. ಎಕ್ಸೆಲ್‌ನಂತೆ ‘ವಿಸಿಬಲ್’ ಅನ್ನು ‘ಫಾಲ್ಸ್’ ಮಾಡಿದರೆ ಪವರ್‌ಪಾಯಿಂಟ್ ದೋಷ ತೋರಿಸುತ್ತದೆ. ವಿಂಡೋ ಬೇಡವಾದರೆ ‘ಓಪನ್’ ಆಜ್ಞೆಯಲ್ಲೇ ‘ವಿತ್‌ವಿಂಡೋ’ವನ್ನು ‘ಫಾಲ್ಸ್’ ಮಾಡಿ.

3. ಒಂದು ಲಾಗಿನ್‌ನಲ್ಲಿ ಪವರ್‌ಪಾಯಿಂಟ್‌ನ ಒಂದೇ ಪ್ರತಿ ಓಡುತ್ತದೆ. ಎಲ್ಲ ಫೈಲ್‌ಗಳೂ ಅದರಲ್ಲೇ. ಹಾಗಾಗಿ ನಿಮ್ಮ ‘ಕ್ವಿಟ್’ ಉಪನ್ಯಾಸಕರು ತೆರೆದಿಟ್ಟ ಪಾಠವನ್ನೂ ಮುಚ್ಚುತ್ತದೆ. ಮೊದಲು ನಿಮ್ಮ ಫೈಲನ್ನು ಮಾತ್ರ ‘ಕ್ಲೋಸ್’ ಮಾಡಿ. ‘ಪ್ರೆಸೆಂಟೇಶನ್ಸ್ ಕೌಂಟ್’ 0 ಇದ್ದರಷ್ಟೇ ‘ಕ್ವಿಟ್’.

ಬಗದಲ್‌ನ ನಮ್ಮ ಲ್ಯಾಬ್‌ನಲ್ಲಿ ಒಂದು ಕಂಪ್ಯೂಟರನ್ನು ಹಲವರು ಬಳಸುತ್ತೇವೆ. ನಮ್ಮ ಕೋಡ್ ಇನ್ನೊಬ್ಬರ ಕೆಲಸ ಕೆಡಿಸಬಾರದು.